ಪ್ರೀತಿಗೆ ಅಡ್ಡ ಬಂದದ್ದು ಯಾವುದು? ಐತಿಹಾಸಿಕ ಪ್ರೇಮಕಥೆಗಳ ಸಂಕಲನ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಕನ್ನಡದ ಐತಿಹಾಸಿಕ ಪ್ರೇಮಕಥೆಗಳು ಹೆಚ್ಚಾಗಿ ನಡೆಯುವುದು ಹೊಯ್ಸಳರ ಕಾಲದಲ್ಲಿ, ವಿಜಯನಗರದಲ್ಲಿ, ಕೆಳದಿಯಲ್ಲಿ, ಮೈಸೂರು ಅರಸರ ಆಳ್ವಿಕೆಯಲ್ಲಿ. ಇವತ್ತು ನಾನು ಮುಖ್ಯವಾಗಿ ಮೊದಲಿನ ಎರಡನ್ನು ಹಿಡಿದು ಮಾತಾಡುತ್ತೇನೆ. ಆ ಎರಡು ಕಾಲಕ್ಕೂ ಶಾಸನಗಳು ಬೇಕಾದಷ್ಟಿವೆ, ವಿಜಯನಗರಕ್ಕೆ ಪರದೇಶದಿಂದ ಬಂದವರ ಬರಹಗಳೂ ಇವೆ. ಹಾಗಾಗಿ ಕಥೆಗಾರರು ಹೇಳಿದ್ದನ್ನು ಓದುಗರು ತಾವೇ ಒರೆಗೆ ಹಚ್ಚಿ ನೋಡಬಹುದು.

ನನ್ನ ವಾದ ಇಷ್ಟು. ಒಬ್ಬರನ್ನೊಬ್ಬರು ಬಯಸಿದ ಇಬ್ಬರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಕಾಲದ ಗುರುತು ಸಿಗುವುದು ಅವರ ನಡುವೆ ಬಂದು ನಿಲ್ಲುವ ಅಡ್ಡಿಯಲ್ಲಿ. ಪ್ರತಿ ಕಥೆ ಮುಗಿದಾಗಲೂ ಕೇಳಿಕೊಳ್ಳಿ: ಇವರನ್ನು ತಡೆದವರು ಯಾರು, ಯಾವ ಅಧಿಕಾರದಿಂದ ತಡೆದರು? "ಹುಡುಗಿಯ ಅಪ್ಪ ಒಪ್ಪಲಿಲ್ಲ" ಎಂಬುದಷ್ಟೇ ಉತ್ತರವಾದರೆ ಆ ಕಥೆಯನ್ನು 1975ರ ದಾವಣಗೆರೆಯಲ್ಲೂ ನಡೆಸಬಹುದು. ಕತ್ತಿ, ಕುದುರೆ, ಕಿರೀಟ ಎಲ್ಲ ಬರೀ ವೇಷವಾಗುತ್ತವೆ.

ಆ ಕಾಲದ್ದೇ ಆದ ಅಡ್ಡಿ ಅಂದರೆ ಹೇಗಿರುತ್ತದೆ? ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಗರುಡಗಂಬ ಇದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಅವನೊಂದಿಗೆ ಸಾಯುವ ಭಾಷೆ ಕೊಟ್ಟಿದ್ದ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಪರಿವಾರದ ಗರುಡರ (ಒಡೆಯನೊಂದಿಗೇ ಸಾಯುವ ಪಣ ತೊಟ್ಟ ವೀರರ) ಸಮೇತ ಪ್ರಾಣ ಕೊಟ್ಟದ್ದನ್ನು ಅದು ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರನ್ನು ಆ ಕಂಬದಲ್ಲೇ ಬಿಡಿಸಿದ್ದಾರೆ. ಈಗ ಅಂಥ ಒಬ್ಬ ಗರುಡನಿಗೆ ಒಬ್ಬ ಹುಡುಗಿ ಮನಸ್ಸು ಕೊಟ್ಟಳು ಎಂದಿಟ್ಟುಕೊಳ್ಳಿ. ಅಪ್ಪ ಒಪ್ಪಿದ್ದಾನೆ, ಕುಲ ಕೂಡಿದೆ, ಹೊನ್ನಿಗೂ ಕೊರತೆಯಿಲ್ಲ. ಆದರೂ ಅವಳ ಬಾಳು ಮೂರನೆಯವನೊಬ್ಬನ ಆಯುಸ್ಸಿಗೆ ಕಟ್ಟಿಬಿದ್ದಿದೆ. ಅರಸನಿಗೆ ಕೆಮ್ಮು ಬಂದರೆ ಇವಳ ಎದೆ ನಡುಗಬೇಕು. ಇದು ಆ ಕಾಲ ಬಿಟ್ಟು ಬೇರೆಲ್ಲೂ ಹುಟ್ಟಲಾರದ ಪ್ರೇಮಕಥೆ. ಇಂಥದ್ದೊಂದು ಸಂಕಲನದಲ್ಲಿದ್ದರೆ ಉಳಿದ ಕಥೆಗಳನ್ನು ಅದರ ಪಕ್ಕಕ್ಕಿಟ್ಟು ಅಳೆಯಿರಿ.

ಬೇಲೂರನ್ನು ನೋಡಿ. ದೇವಸ್ಥಾನದ ಪ್ರತಿಷ್ಠೆ ಆದದ್ದು 1117ರಲ್ಲಿ. ಶಿಲ್ಪಿ ಮತ್ತು ನರ್ತಕಿ, ಶಿಲ್ಪಿ ಮತ್ತು ರಾಣಿ ಎಂದು ಬೇಲೂರಿನ ಸುತ್ತ ಹೆಣೆದ ಕಥೆಗಳು ಒಂದೆರಡಲ್ಲ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಶಿಲ್ಪ ರಾಣಿ ಶಾಂತಲೆಯದೇ ಎನ್ನುವುದಕ್ಕೆ ಅಲ್ಲಿ ಯಾವ ಬರಹವೂ ಇಲ್ಲ. ಬರಹ ಇರುವುದು ಶಿಲ್ಪಿಗಳ ಹೆಸರಿಗೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವಿಯಿಂದ ಬೇಲೂರಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕಾಲ್ನಡಿಗೆಯಲ್ಲಿ ದಿನಕ್ಕೆ 20-25 ಕಿಲೋಮೀಟರ್ ಎಂದರೂ ಒಂದು ವಾರ, ಎಂಟು ದಿನದ ದಾರಿ. ಅಪ್ಪನೂ ಮಗನೂ ಒಟ್ಟಿಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರು ಉಳಿದರು? ಚಾವಣನಿಗೆ ಮದುವೆ ಗೊತ್ತಾಗಿತ್ತೇ? ಈ ಪ್ರಶ್ನೆ ಎತ್ತಿಕೊಂಡ ಕಥೆ, ಕನ್ನಡಿ ಹಿಡಿದ ರಾಣಿಯ ಕಥೆಗಿಂತ ಬೇಲೂರಿನ ಕಲ್ಲಿಗೆ ಹತ್ತಿರ ಎಂದು ನನಗನ್ನಿಸುತ್ತದೆ.

ದೂರ, ಮಳೆ, ಸುದ್ದಿ ತಲುಪಲು ಹಿಡಿಯುವ ಕಾಲ. ಈ ಮೂರು ಓದುಗರ ಕಣ್ಣಿಗೆ ಬೀಳದೇ ಹೋಗುವುದು ಜಾಸ್ತಿ. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಬರುತ್ತಿದ್ದದ್ದು ಭಟ್ಕಳ, ಹೊನ್ನಾವರ, ಗೋವೆಯಂಥ ಬಂದರುಗಳ ಮೂಲಕ. ಭಟ್ಕಳದಿಂದ ಹಂಪೆಗೆ ಘಟ್ಟ ಹತ್ತಿ ಬರುವ ದಾರಿ 300 ಕಿಲೋಮೀಟರಿನ ಆಸುಪಾಸು. ಕುದುರೆಗಳನ್ನು ದಣಿಸದೆ ಕರೆತರಬೇಕಾದರೆ ಹನ್ನೆರಡರಿಂದ ಹದಿನೈದು ದಿನ. ಮುಂಗಾರು ಹಿಡಿದರೆ ಪಡುವಣ ಕಡಲಿನಲ್ಲಿ ಹಡಗು ಓಡುವುದಿಲ್ಲ. ಆದ್ದರಿಂದ ಆಷಾಢದಲ್ಲಿ ಹಡಗಿನಿಂದಿಳಿದ ವರ್ತಕನ ಮಗ ನಾಲ್ಕನೇ ದಿನಕ್ಕೆ ಹಂಪೆಯ ಬಜಾರಿನಲ್ಲಿ ನಾಯಕಿಯನ್ನು ನೋಡಿದ ಎಂದು ಕಥೆ ಹೇಳಿದರೆ ಅದು ಎರಡು ಕಡೆ ಎಡವಿದೆ. ಅಷ್ಟಕ್ಕೇ ಪುಸ್ತಕ ಮುಚ್ಚಬೇಕಾಗಿಲ್ಲ. ಆದರೆ ನಷ್ಟ ಏನಾಯಿತು ನೋಡಿ: ಕಾಯುವ ನಾಲ್ಕು ತಿಂಗಳು ಕಥೆಗಾರರ ಕೈತಪ್ಪಿ ಹೋಯಿತು. ಪ್ರೇಮಕಥೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಯಾವುದು?

ಪತ್ರದ ವಿಷಯಕ್ಕೆ ಬರೋಣ. ನಾಯಕಿ ದೀಪದ ಬೆಳಕಿನಲ್ಲಿ ನಾಲ್ಕು ಪುಟದ ಓಲೆ ಬರೆಯುತ್ತಾಳೆ, ಕಣ್ಣೀರು ಬಿದ್ದು ಅಕ್ಷರ ಕಲಸಿಹೋಗುತ್ತದೆ. ಈ ದೃಶ್ಯವನ್ನು ನೀವೆಲ್ಲ ಓದಿರುತ್ತೀರಿ. ಓಲೆಗರಿಯ ಮೇಲೆ ಬರೆಯುವುದು ಕಬ್ಬಿಣದ ಕಂಟದಿಂದ. ಅದು ಗರಿಯ ಮೈಯನ್ನು ಸೀಳಿ ಗೆರೆ ಮೂಡಿಸುತ್ತದೆ. ಮೂಡಿದ ಅಕ್ಷರಕ್ಕೆ ಬಣ್ಣವಿಲ್ಲ, ಬರೀ ಗೀರು. ಆಮೇಲೆ ಮಸಿ ಬಳಿದು ಒರೆಸಿದಾಗ ಗೀರಿನೊಳಗೆ ಮಸಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ಕಣ್ಣೀರು ಬಿದ್ದರೂ ಕಲಸುವುದಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ಎರಡು ಬಗೆಯ ಬರವಣಿಗೆಯನ್ನು ಗುರುತಿಸಿದ್ದಾನೆ. ಒಂದು, ಎರಡು ಬೆರಳಗಲದ ಗರಿಯ ಮೇಲೆ ಕಬ್ಬಿಣದ ಕಂಟದ ಬರಹ. ಇನ್ನೊಂದು, ಕಪ್ಪು ಮಾಡಿದ ಹಾಳೆಯ ಮೇಲೆ ಮೆತುಕಲ್ಲಿನ ಕಡ್ಡಿಯಿಂದ ಬಿಳಿಯಾಗಿ ಬರೆಯುವುದು. ಎರಡನೆಯದು ನಮ್ಮ ಕಡತ ಮತ್ತು ಬಳಪಕ್ಕೆ ಹೊಂದುತ್ತದೆ: ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಅದು ವರ್ತಕರ ಲೆಕ್ಕದ ಸಾಧನ.

ಈ ವಿವರ ಕಥೆಯ ದಿಕ್ಕನ್ನೇ ಬದಲಿಸುತ್ತದೆ. ಎರಡು ಬೆರಳಗಲದ ಗರಿಯಲ್ಲಿ ಹಿಡಿಸುವುದು ಕೆಲವೇ ಸಾಲು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯಲಾಗದು, ಉಳಿದದ್ದು ಹೇಳಿಕಳಿಸುವ ಮಾತು. ಅಂದರೆ ಹೊತ್ತೊಯ್ಯುವವಳಿಗೆ ಎಲ್ಲವೂ ಗೊತ್ತು. ಆ ಸಖಿ ಬರೀ ನಗುತ್ತ ಓಡಾಡುವ ಗೊಂಬೆಯೋ, ಅಥವಾ ತನ್ನ ಕೈಗೆ ಬಂದ ಗುಟ್ಟಿನಿಂದ ತಾನೂ ಅಪಾಯಕ್ಕೆ ಸಿಕ್ಕ ಹೆಂಗಸೋ? ಒಳ್ಳೆಯ ಕಥೆಯಲ್ಲಿ ಅವಳಿಗೂ ಹೆಸರು, ಮನೆ, ಹೆದರಿಕೆ ಇರುತ್ತದೆ. ಮಸಿ ಹಾಕದ ಓಲೆ ಮೇಲ್ನೋಟಕ್ಕೆ ಬರಿಗರಿಯಂತೆ ಕಾಣುತ್ತದೆ ಎಂಬುದನ್ನು ಬಳಸಿಕೊಂಡ ಕಥೆ ಸಿಕ್ಕರೆ, ಅದನ್ನು ಬರೆದವರಿಗೆ ಗರಿಯನ್ನು ಮುಟ್ಟಿ ಗೊತ್ತು ಎಂದುಕೊಳ್ಳಿ. "ಅರಮನೆಯ ಊಳಿಗದ ಹುಡುಗಿಗೆ ಓದು ಬರುತ್ತಿತ್ತೇ?" ಎಂಬ ಅನುಮಾನವೂ ಕೆಲವರಿಗಿದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಕಾವ್ಯವನ್ನೇ ಬರೆದಳು. ಎಲ್ಲರಿಗೂ ಬರುತ್ತಿರಲಿಲ್ಲ, ಆದರೆ ಬಂದವರು ಇದ್ದರು.

ಇನ್ನು ಹೂವು, ಅಡುಗೆ, ಹಣ. ಹೊಯ್ಸಳರ ಮದುವೆಯ ಚಪ್ಪರಕ್ಕೆ ಚೆಂಡುಹೂವಿನ ತೋರಣ ಕಟ್ಟುವ ಹಾಗಿಲ್ಲ, ಆ ಹೂವು ಮೆಕ್ಸಿಕೋ ಕಡೆಯಿಂದ ಬಂದದ್ದು. ದೇವಕಣಗಿಲೆಯೂ ಅಮೆರಿಕ ಖಂಡದ್ದೇ. ಗುಲ್‌ಮೊಹರ್ ಮಡಗಾಸ್ಕರಿನದು. ಗೋಡಂಬಿ ತೋಪು, ಪರಂಗಿ ಹಣ್ಣು, ಸೀಬೆ, ಹಸಿಮೆಣಸಿನಕಾಯಿ ಎಲ್ಲವೂ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲಿನ ಮಾತು. ಮಲ್ಲಿಗೆ, ಸಂಪಿಗೆ, ಕೇದಗೆ ಧಾರಾಳವಾಗಿ ಬರಲಿ. ಗುಲಾಬಿಯ ಬಗ್ಗೆ ಅನುಮಾನ ಬೇಡ: ವಿಜಯನಗರದ ಬೀದಿಬೀದಿಯಲ್ಲೂ ಅದನ್ನು ಮಾರುತ್ತಿದ್ದರು, ಊಟದಷ್ಟೇ ಅಗತ್ಯವೆಂದು ಜನ ಕೊಳ್ಳುತ್ತಿದ್ದರು ಎಂದು ಅದೇ ರಜಾಕ್ ಬರೆದಿದ್ದಾನೆ. ಇನ್ನು ವರಹ ಅಂದರೆ ಸುಮಾರು 3.4 ಗ್ರಾಂ ಬಂಗಾರ. ನಾಯಕ ಸಾವಿರ ವರಹವನ್ನು ನಡುಪಟ್ಟಿಯಲ್ಲಿ ಬಚ್ಚಿಟ್ಟು ಕೋಟೆಗೋಡೆ ಹತ್ತಿದ ಎಂದರೆ ಸೊಂಟದಲ್ಲಿ ಮೂರೂವರೆ ಕಿಲೋ ತೂಗುತ್ತಿದೆ. ಹತ್ತಲಿ, ಆದರೆ ಏದುಸಿರು ಬಿಡಲಿ.

ಹೊತ್ತಿನ ಲೆಕ್ಕವನ್ನೂ ಗಮನಿಸಿ. ಹಗಲಿರುಳು ಸೇರಿ ಅರವತ್ತು ಗಳಿಗೆ, ಒಂದು ಗಳಿಗೆಗೆ 24 ನಿಮಿಷ, ಏಳೂವರೆ ಗಳಿಗೆಗೆ ಒಂದು ಜಾವ. "ಐದು ನಿಮಿಷ ತಡವಾಯಿತು" ಎಂದು ಮುನಿಸಿಕೊಳ್ಳುವ ನಾಯಕಿ ಹೊಯ್ಸಳರವಳಲ್ಲ. ವರ್ಷ ಶಕದಲ್ಲಿ ಕೊಟ್ಟಿದ್ದರೆ 78 ಕೂಡಿಸಿ. ಪುಷ್ಯದ ಕೊನೆಯಿಂದ ಫಾಲ್ಗುಣದವರೆಗಾದರೆ 79. ಸಂವತ್ಸರ ಕೊಟ್ಟಿದ್ದರೆ 1987ರ ಯುಗಾದಿಗೆ ಪ್ರಭವ ಎಂದು ನೆನಪಿಟ್ಟುಕೊಂಡು ಅರವತ್ತರವತ್ತು ಕಳೆಯುತ್ತ ಹಿಂದೆ ಹೋಗಿ. ತಾಳಿಕೋಟೆಯ ಯುದ್ಧ ನಡೆದದ್ದು 1565ರ ಜನವರಿ 23. ಆ ಲೆಕ್ಕದಲ್ಲಿ 1567 ಪ್ರಭವ, 1565ರ ಯುಗಾದಿಗೆ ಕ್ರೋಧನ. ಆದರೆ ಜನವರಿಯಲ್ಲಿ ಇನ್ನೂ ಯುಗಾದಿ ಬಂದಿಲ್ಲವಾದ್ದರಿಂದ ಯುದ್ಧ ಬಿದ್ದದ್ದು ಅದರ ಹಿಂದಿನ ರಕ್ತಾಕ್ಷಿಯಲ್ಲಿ, ಶಕ 1486ರಲ್ಲಿ. ಕಥೆ ಕ್ರೋಧನ ಎಂದಿದ್ದರೆ ಬರೆದವರು ಇಂಗ್ಲಿಷ್ ವರ್ಷವನ್ನು ಹಾಗೇ ಎತ್ತಿಟ್ಟಿದ್ದಾರೆ. ಹೆಸರುಗಳಿಗೂ ಇಂಥದೇ ಪರೀಕ್ಷೆ ಉಂಟು. ಹನ್ನೊಂದು ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಕಾಣುವವರು ಮಾಚಿಕಬ್ಬೆ, ದೇಕಬ್ಬೆ, ಏಚ, ರವಿಗ, ದಾಸೋಜ. ಊರಿನ ಸಾಮಾನ್ಯರೆಲ್ಲ ವಸಂತಸೇನೆ, ಚಂದ್ರಲೇಖೆಯರಾಗಿದ್ದು "ಆರ್ಯಪುತ್ರ" ಎಂದು ಕರೆಯುತ್ತಿದ್ದರೆ ಆ ಕಥೆ ಹುಟ್ಟಿದ್ದು ನಾಟಕದ ರಂಗದ ಮೇಲೆ.

ಈಗ ಓದುವ ಕ್ರಮ. ಸಂಕಲನದಲ್ಲಿ ಹನ್ನೆರಡು ಹದಿನೈದು ಕಥೆಗಳಿದ್ದರೆ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಓದಬೇಡಿ. ಪ್ರೇಮಕಥೆಗಳ ಕೊನೆ ಎರಡೇ ಬಗೆ, ಕೂಡುವುದು ಅಥವಾ ಅಗಲುವುದು. ಸಾಲಾಗಿ ಐದು ಓದಿದರೆ ಆರನೆಯದರ ಕೊನೆ ಮೊದಲೇ ಗೊತ್ತಾಗಿ ಮನಸ್ಸು ಜಡವಾಗುತ್ತದೆ; ತಪ್ಪು ಕಥೆಯದಲ್ಲ. ಮುನ್ನುಡಿಯನ್ನು ಕೊನೆಗೆ ಓದಿ, ಏಕೆಂದರೆ ಯಾವ ಕಥೆಗೆ ಯಾವ ಆಧಾರ ಎಂದು ಅಲ್ಲಿ ಹೇಳಿರುತ್ತಾರೆ ಮತ್ತು ಅದು ಗೊತ್ತಾದ ಮೇಲೆ ನಿಮ್ಮ ಕಣ್ಣು ಆಧಾರವನ್ನೇ ಹುಡುಕತೊಡಗುತ್ತದೆ. ಮೊದಲ ಸುತ್ತು ಪುಸ್ತಕದ ಅನುಕ್ರಮದಲ್ಲೇ ಇರಲಿ. ಎರಡನೇ ಸುತ್ತಿಗೆ ಕಾಲದ ಅನುಕ್ರಮ ಹಿಡಿಯಿರಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟು ಪ್ರತಿ ಕಥೆಗೂ ಊರು, ವರ್ಷ, ಅಡ್ಡಿ, ಸುದ್ದಿ ತಂದವರು, ಕಥೆ ಹೇಳುತ್ತಿರುವವರು ಇಷ್ಟನ್ನು ಒಂದೊಂದು ಪದದಲ್ಲಿ ಬರೆದುಕೊಳ್ಳಿ. ಅಡ್ಡಿಯ ಸಾಲಿನಲ್ಲಿ ಒಂದೇ ಪದ ಐದಾರು ಸಲ ಬಂದರೆ ಸಂಕಲನದ ಬಲಹೀನತೆ ಕೈಗೆ ಸಿಕ್ಕಿತು.

ಸಣ್ಣಕಥೆಗೆ ಇರುವುದು ಹತ್ತು ಹದಿನೈದು ಪುಟ. ಅದರಲ್ಲಿ ಮೂರು ಪುಟ ರಾಜವಂಶದ ಪಟ್ಟಿಗೆ ಹೋದರೆ ಪ್ರೇಮಿಗಳಿಗೆ ಜಾಗ ಉಳಿಯುವುದಿಲ್ಲ. ನಾಲ್ಕನೇ ಪುಟದೊಳಗೆ ಇಬ್ಬರೂ ಬಾಯಿ ಬಿಟ್ಟಿದ್ದಾರೆಯೇ ನೋಡಿ. ಇಬ್ಬರೂ ಎಂದು ಒತ್ತಿ ಹೇಳುತ್ತೇನೆ. ಎಷ್ಟೋ ಕಥೆಗಳಲ್ಲಿ ಹೆಣ್ಣು ಕೊನೆಯವರೆಗೂ ವರ್ಣನೆಗೊಳಗಾಗುತ್ತಾಳೆಯೇ ಹೊರತು ಮಾತಾಡುವುದಿಲ್ಲ.

ವಿಜಯನಗರದ ಕಥೆಗಳಿಗೆ ಅಂಟಿದ ಒಂದು ರೋಗವೆಂದರೆ ತಾಳಿಕೋಟೆಯ ಕೊನೆ. ಪ್ರೇಮಿಗಳ ಗಂಟು ಬಿಡಿಸಲಾಗದೆ ಹೋದಾಗ ಯುದ್ಧ ಬಂದು ಒಬ್ಬರನ್ನು ಕೊಂದುಬಿಡುತ್ತದೆ. ಊರೇ ಹಾಳಾದ ದುಃಖದಲ್ಲಿ ಕಥೆಯ ಸೋಲು ಮುಚ್ಚಿಹೋಗುತ್ತದೆ. ಯುದ್ಧವನ್ನು ಹಾಗೆ ಕತ್ತರಿಯಂತೆ ಬಳಸದೆ ಅದರೊಳಗೆ ಹೊಕ್ಕು ನೋಡಿದ ಕಥೆ ಬೇರೆಯಾಗಿರುತ್ತದೆ. ರಕ್ಕಸಗಿ ತಂಗಡಗಿಯ ಕಡೆಯ ರಣರಂಗದಿಂದ ಹಂಪೆಗೆ ನೂರು ಕಿಲೋಮೀಟರಿಗೆ ಮೇಲೆ. ಸೋಲಿನ ಸುದ್ದಿಗೂ ಶತ್ರುಸೇನೆಗೂ ನಡುವೆ ಕೆಲವೇ ದಿನ. ಯುದ್ಧದಲ್ಲಿ ಸತ್ತ ರಾಮರಾಯನ ತಮ್ಮ ತಿರುಮಲರಾಯ ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯ ದಾರಿ ಹಿಡಿದ. ಊರಿನವರು ಉಳಿದರು. ಆ ಕೆಲವು ದಿನಗಳಲ್ಲಿ ಹೋಗಬೇಕೋ ನಿಲ್ಲಬೇಕೋ ಎಂದು ಇಬ್ಬರು ನಿರ್ಧರಿಸಬೇಕಾಗಿ ಬಂದರೆ ಅಲ್ಲಿ ಕಥೆ ಇದೆ.

ಮಾಸ್ತಿಕಲ್ಲಿನ (ಗಂಡ ಸತ್ತ ಮೇಲೆ ಬೆಂಕಿಗಿಳಿದವಳ ನೆನಪಿಗೆ ನಿಲ್ಲಿಸಿದ ಕಲ್ಲಿನ) ಕಥೆಗಳನ್ನು ಓದುವಾಗ ಹೆಚ್ಚಿನ ಎಚ್ಚರ ಬೇಕು. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿದ ಬಳೆಗೈ, ಬೆರಳುಗಳ ನಡುವೆ ನಿಂಬೆಹಣ್ಣು, ಮೇಲೆ ಸೂರ್ಯಚಂದ್ರ. ಈ ಕಲ್ಲು ನಮ್ಮ ಎಷ್ಟೋ ಹಳ್ಳಿಗಳ ಹೊರಗೆ ನಿಂತಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ನವಲೆನಾಡಿನ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದ. ಆ ತಪ್ಪಿಗೆ ಅರಸ ಅವನನ್ನು ಕೊಲ್ಲಿಸಿದ. ಹೆಂಡತಿ ದೇಕಬ್ಬೆ, ತಂದೆತಾಯಿ ತಡೆದರೂ ಕೇಳದೆ ಬೆಂಕಿಗಿಳಿದಳು. ಶಾಸನ ಇದನ್ನು ಪದ್ಯದಲ್ಲಿ ಹಾಡಿ ಹೊಗಳುತ್ತದೆ. ಅವಳ ಮಾತೆಂದು ಅಲ್ಲಿ ಬರುವುದೂ ಕಲ್ಲು ಬರೆಸಿದವರ ಕೈದಾಟಿ ಬಂದದ್ದು. ಕಥೆಗಾರರು ಆ ಹೊಗಳಿಕೆಯನ್ನೇ ಇನ್ನಷ್ಟು ಅಲಂಕರಿಸಿ, ಬೆಂಕಿಯನ್ನು ಪ್ರೀತಿಯ ಪುರಾವೆಯಾಗಿ ಮುಂದಿಟ್ಟರೆ, ಕಲ್ಲು ನಿಲ್ಲಿಸಿದವರ ಮಾತನ್ನೇ ಒಂಬೈನೂರೈವತ್ತು ವರ್ಷದ ಮೇಲೆ ಮತ್ತೆ ಹೇಳಿದಂತಾಯಿತು. ತಡೆದ ತಾಯಿಯನ್ನು ಹುಡುಕಿ. ಶಾಸನಕ್ಕೆ ಅವಳು ಅರ್ಧ ಸಾಲಿನ ಅಡ್ಡಿ, ಅಷ್ಟೇ. ಒಳ್ಳೆಯ ಕಥೆಯಲ್ಲಿ ಅವಳಿಗೆ ಎರಡು ಪುಟವಾದರೂ ಸಿಗಬೇಕು: ಏನೆಂದು ತಡೆದಳು, ಯಾರು ಅವಳ ಕೈ ಬಿಡಿಸಿದರು, ಮಾರನೆಯ ದಿನ ಯಾರ ಮನೆಗೆ ಹೋದಳು.

ಓದುವ ಗುಂಪು ಕಟ್ಟಿಕೊಂಡಿದ್ದರೆ ಇಂಥ ಕಥೆಯನ್ನು ಗಟ್ಟಿಯಾಗಿ ಓದಿಸಿ. ಹದಿನೈದು ಪುಟಕ್ಕೆ ಅರ್ಧ ಗಂಟೆ, ನಲವತ್ತು ನಿಮಿಷ ಸಾಕು. ಒಬ್ಬರು ಓದುವಾಗ ಇನ್ನೊಬ್ಬರು ದೇಕಬ್ಬೆಯಂಥವಳ ಮಾತು ಬಂದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತ ಹೋಗಲಿ. ಓದು ಮುಗಿದ ಮೇಲೆ ಗೆರೆ ಹಾಕಿದ ಸಾಲುಗಳನ್ನಷ್ಟೇ ಮತ್ತೊಮ್ಮೆ ಓದಿಸಿ, ಚರ್ಚೆಯನ್ನು ಅಲ್ಲಿಂದ ಶುರುಮಾಡಿ.