ಓಡುವುದನ್ನು ಬಿಡಿ, ಸೂತ್ರ ನೋಡಿ

ನಮಸ್ಕಾರ. ಇವತ್ತಿನ ಮಾತು ಗಾಳಿಪಟದ್ದು. ಮೊದಲೇ ಹೇಳಿಬಿಡುತ್ತೇನೆ: ಮಗುವಿನ ಕೈಗೆ ದಾರ ಕೊಟ್ಟು "ಓಡು, ಓಡು" ಅಂತ ಹುರಿದುಂಬಿಸುವುದನ್ನು ದೊಡ್ಡವರು ಬಿಡಬೇಕು.

ಓಡಿದರೆ ಏನಾಗುತ್ತದೆ ನೋಡಿ. ಪಟ ಬೆನ್ನ ಹಿಂದಿರುತ್ತದೆ, ಅದು ಯಾವ ಕಡೆ ವಾಲುತ್ತಿದೆ ಅಂತ ಮಗುವಿಗೆ ಕಾಣುವುದೇ ಇಲ್ಲ. ಒಂದೊಂದು ಹೆಜ್ಜೆಗೂ ದಾರ ಒಮ್ಮೆ ಬಿಗಿ, ಒಮ್ಮೆ ಸಡಿಲ. ಎರಡಾಳೆತ್ತರ ಏರಿದ ಪಟ, ಮಗು ಏದುಸಿರು ಬಿಡುತ್ತಾ ನಿಂತ ಕೂಡಲೇ ನೆಲ ಕಚ್ಚುತ್ತದೆ. ನಾಲ್ಕು ಸಲ ಹೀಗಾದರೆ ಕಾಗದ ಹರಿಯುತ್ತದೆ, ಮಗು "ನನಗೆ ಬರಲ್ಲ" ಅಂದುಬಿಡುತ್ತದೆ. ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಯಾಕೆಂದರೆ ತಪ್ಪು ಮಗುವಿನದಲ್ಲ, ಹೆಚ್ಚಿನ ಸಲ ಸೂತ್ರದ್ದು.

ಸೂತ್ರ ಅಂದರೆ ಪಟದ ಮೈಗೆ ಕಟ್ಟುವ ದಾರ. ಪಟ ಗಾಳಿಗೆ ಎಷ್ಟು ಓರೆಯಾಗಿ ಎದೆ ಕೊಡಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಲೆಕ್ಕ ಸುಲಭ. ಉದ್ದಕಡ್ಡಿ 60 ಸೆಂ.ಮೀ., ಅಡ್ಡಕಡ್ಡಿ 50 ಸೆಂ.ಮೀ. ಅನ್ನೋಣ. ಎರಡೂ ಕೂಡುವ ಜಾಗ ತಲೆಯಿಂದ 15 ಸೆಂ.ಮೀ. ಕೆಳಗೆ. ಈಗ ಒಂದು ಮೀಟರ್ ದಾರ ತೆಗೆದುಕೊಂಡು ಉದ್ದಕಡ್ಡಿಯ ತಲೆಗೊಂದು ಗಂಟು, ಬುಡಕ್ಕೊಂದು ಗಂಟು ಹಾಕಿ. ಗಂಟುಗಳ ನಡುವೆ 80 ಸೆಂ.ಮೀ. ಉಳಿಯಲಿ. ದಾರ ಕಾಗದದ ಕಡೆಗಿರಬೇಕು, ಕಡ್ಡಿಗಳು ಹಿಂದೆ. ಸೂತ್ರವನ್ನು ಪಕ್ಕಕ್ಕೆ ಎಳೆದು ಹಿಡಿದರೆ ಅದರ ಮೂಲೆ ಅಡ್ಡಕಡ್ಡಿಯ ತುದಿಗೆ ಸರಿಯಾಗಿ ಮುಟ್ಟುತ್ತದೆ. ಹಾಗೆ ಮುಟ್ಟಿದ ಜಾಗದಲ್ಲೇ, ತಲೆಯಿಂದ ಸುಮಾರು 29 ಸೆಂ.ಮೀ. ದೂರದಲ್ಲಿ, ಒಂದು ಸಣ್ಣ ಉಂಗುರ ಸಿಕ್ಕಿಸಿ. ಹಾರಿಸುವ ದಾರ ಆ ಉಂಗುರಕ್ಕೆ.

ಉಂಗುರ ಯಾಕೆ ಬೇಕು ಅಂದರೆ ಅದನ್ನು ಸರಿಸಬೇಕಾಗುತ್ತದೆ. ಸೂತ್ರವನ್ನು ಮಡಚಿ, ಆ ಮಡಿಕೆಯನ್ನು ಉಂಗುರದೊಳಗೆ ತೂರಿಸಿ, ಉಂಗುರದ ಮೇಲಿಂದ ದಾಟಿಸಿ ಎಳೆದರೆ ಕುಣಿಕೆ ಬಿಗಿಯಾಗುತ್ತದೆ, ಸಡಿಲಿಸಿದರೆ ಜಾರುತ್ತದೆ. ಪಟ ಜೋರಾಗಿ ಎಳೆಯುತ್ತಿದೆ ಆದರೆ ಮೇಲೇರುತ್ತಿಲ್ಲ ಅಂದರೆ ಉಂಗುರ ಕೆಳಗಾಗಿದೆ, ಅರ್ಧ ಸೆಂ.ಮೀ. ತಲೆಯ ಕಡೆ ಸರಿಸಿ. ಎಳೆತವೇ ಇಲ್ಲದೆ ಪಟಪಟ ಬಡಿದುಕೊಂಡು ಮುಂದಕ್ಕೆ ಮುಗ್ಗರಿಸಿದರೆ ಉಂಗುರ ಮೇಲಾಗಿದೆ, ಅಷ್ಟೇ ಕೆಳಗೆ ತನ್ನಿ. ಒಂದು ಸಲಕ್ಕೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಬೇಡ. ಎರಡು ಸೆಂ.ಮೀ. ಒಟ್ಟಿಗೆ ಸರಿಸಿದರೆ ಸರಿಯಾದ ಜಾಗವನ್ನು ದಾಟಿ ಹೋಗಿರುತ್ತೀರಿ.

ಇನ್ನು ಬಾಲಂಗೋಚಿ. ನಮ್ಮ ಮಾತಿನಲ್ಲಿ ಬಾಲಂಗೋಚಿ ಅಂದರೆ ಕೆಲಸವಿಲ್ಲದೆ ಹಿಂದೆ ಹಿಂದೆ ಸುತ್ತುವವನು. ಪಟದ ಮಟ್ಟಿಗೆ ಅದು ಶುದ್ಧ ಅನ್ಯಾಯ! ಚಪ್ಪಟೆ ಪಟ ನೆಟ್ಟಗೆ ನಿಲ್ಲುವುದೇ ಬಾಲಂಗೋಚಿಯಿಂದ. ಅದು ಕೆಲಸ ಮಾಡುವುದು ತೂಕದಿಂದಲ್ಲ, ಗಾಳಿ ಅದನ್ನು ಹಿಂದಕ್ಕೆ ಜಗ್ಗುವುದರಿಂದ. ಹಾಗಾಗಿ ಭಾರದ ಬಟ್ಟೆ ಬೇಡ. ಎರಡು ಬೆರಳಗಲದ ಹಗುರ ಪಟ್ಟಿ ಸಾಕು, ಉದ್ದ ಪಟದ ಆರು ಪಟ್ಟು, ಅಂದರೆ ಮೂರೂವರೆ ಮೀಟರಿನಷ್ಟು. ಪಟ ಗಿರಕಿ ಹೊಡೆದರೆ ಇನ್ನಷ್ಟು ಸೇರಿಸಿ, ಏರಲು ತಿಣುಕಿದರೆ ಒಂದೊಂದು ಗೇಣು ಕತ್ತರಿಸಿ. ಬಾಲಂಗೋಚಿಯೇ ಬೇಡ ಅನ್ನುವವರು ಅಡ್ಡಕಡ್ಡಿಯನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ದಾರ ಬಿಗಿಯಬೇಕು. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಎಡ್ಡಿ ಇಂಥ ಪಟಗಳಿಂದಲೇ ಹೆಸರು ಮಾಡಿದ. ಆದರೆ ಮಕ್ಕಳಿಗೆ ಬಾಲಂಗೋಚಿಯ ಪಟವೇ ಇರಲಿ. ಅದು ತಪ್ಪನ್ನು ಹೆಚ್ಚು ತಡೆದುಕೊಳ್ಳುತ್ತದೆ, ನೋಡಲೂ ಚೆಂದ.

ಪಟ ಯಾವಾಗಲೂ ಒಂದೇ ಕಡೆ ವಾಲುತ್ತಿದ್ದರೆ ಸೂತ್ರವನ್ನು ಮುಟ್ಟಬೇಡಿ. ಉದ್ದಕಡ್ಡಿಯ ಎರಡು ತುದಿಗಳನ್ನು ಬೆರಳುಗಳ ಮೇಲೆ ಅಡ್ಡಲಾಗಿ ನಿಲ್ಲಿಸಿ ನೋಡಿ, ಭಾರದ ರೆಕ್ಕೆ ಕೆಳಗಿಳಿಯುತ್ತದೆ. ಬಿದಿರು ಕಡ್ಡಿಯಾದರೆ ಒಂದು ಬದಿಯಲ್ಲಿ ಗೆಣ್ಣು ಉಳಿದಿರಬಹುದು, ಅಂಟು ಮೆತ್ತಿಕೊಂಡಿರಬಹುದು. ಕಡ್ಡಿ ಹೆರೆಯಿರಿ, ಇಲ್ಲವೇ ಹಗುರವಾದ ಬದಿಗೆ ಒಂದು ಚೂರು ಕಾಗದ ಅಂಟಿಸಿ.

ಎಲೆ, ಸಣ್ಣ ರೆಂಬೆ ಬಿಡದೆ ಅಲುಗಾಡುತ್ತಿದ್ದರೆ, ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ಗಾಳಿಯಿದ್ದರೆ, ಪಟಕ್ಕೆ ಹದವಾದ ದಿನ. ಧೂಳು, ಕಾಗದದ ಚೂರು ಹಾರುತ್ತಿದ್ದರೆ ಸಣ್ಣ ಪಟದ ಕಡ್ಡಿ ಮುರಿದೀತು. ಮರ, ಕಟ್ಟಡಗಳ ಮರೆ ಬೇಡವೇ ಬೇಡ, ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ವಿದ್ಯುತ್ ತಂತಿ ಕಾಣುವ ಜಾಗವೂ ಬೇಡ. ದಾರ ಹತ್ತಿಯದ್ದಿರಲಿ. ಗಾಜು ಸವರಿದ ಮಾಂಜಾ, ನೈಲಾನ್ ದಾರ ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರನ ಕತ್ತನ್ನೂ ಕೊಯ್ಯುತ್ತವೆ. ಅದು ಮಕ್ಕಳ ಕೈಗೆ ಕೊಡುವ ವಸ್ತುವೇ ಅಲ್ಲ.

ಮಗು ಗಾಳಿಗೆ ಬೆನ್ನು ಕೊಟ್ಟು ನಿಲ್ಲಲಿ. ನೀವು ಪಟ ಹಿಡಿದು ಎದುರಿಗೆ 20 ಮೀಟರ್ ದೂರ ಹೋಗಿ, ದಾರ ಬಿಗಿಯಿರಲಿ. ಪಟವನ್ನು ಮೇಲಕ್ಕೆ ಎಸೆಯಬೇಡಿ, ಗಾಳಿ ಬಂದಾಗ ಬೆರಳು ಬಿಡಿ, ಅಷ್ಟೇ. ಮಗು ಎರಡು ಕೈಯಲ್ಲಿ ಒಂದಾದ ಮೇಲೊಂದರಂತೆ ದಾರ ಎಳೆದುಕೊಳ್ಳಲಿ. ಪಟದ ತಲೆ ಮೇಲ್ಮುಖವಾಗಿದ್ದಾಗ ಎಳೆದರೆ ಅದು ಏರುತ್ತದೆ. ಗೋತಾ ಹೊಡೆಯುವಾಗ ಎಳೆದರೆ ಇನ್ನೂ ವೇಗವಾಗಿ ನೆಲಕ್ಕೆ ಬಡಿಯುತ್ತದೆ. ಆಗ ದಾರವನ್ನು ಸಡಿಲ ಬಿಡಬೇಕು. ಗಾಬರಿಯಲ್ಲಿ ಎಲ್ಲರೂ ಎಳೆಯುವವರೇ. "ಬಿಡು" ಅಂತ ಹೇಳಿಕೊಡಬೇಕಾದ ಸಮಯ ಅದೇ.

ಇಳಿಸುವಾಗ ಬಿಗಿ ದಾರವನ್ನೇ ಉಂಡೆಗೆ ಸುತ್ತಬೇಡಿ, ಬೆರಳು ಕೊಯ್ಯುತ್ತದೆ. ನೀವು ದಾರವನ್ನು ಅಂಗೈ ಕೆಳಗೆ ಒತ್ತಿ ಹಿಡಿದು ಪಟದ ಕಡೆಗೆ ನಿಧಾನ ನಡೆಯುತ್ತಾ ಹೋಗಿ. ಹಿಂದೆ ಸಡಿಲಾಗಿ ಬೀಳುವ ದಾರವನ್ನು ಮಗು ಸುತ್ತಿಕೊಳ್ಳುತ್ತಾ ಬರಲಿ.