ಸಂದು ನೋಡಿ ಸ್ವಾಮಿ

ಕೇಳುಗರಿಗೆ ನಮಸ್ಕಾರ. ಗೋಡೆ, ಚಾವಣಿ ಎಲ್ಲವನ್ನೂ ಕಾರ್ಖಾನೆಯಲ್ಲೇ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಲ್ಲಿ ಎತ್ತಿ ಜೋಡಿಸುವ ಮನೆಗಳಿಗೆ ನಮ್ಮ ಕಟ್ಟಡ ನಿಯಮ ಹೇಗಿರಬೇಕು ಅಂತ ಹೇಳಲು ಬಂದಿದ್ದೇನೆ. ಪ್ರೀಕಾಸ್ಟ್ ಅಂದ ಕೂಡಲೇ ನಮ್ಮ ಕೋಲಾರದ ಕಡೆ "ಇಸ್ಪೀಟೆಲೆ ಮನೆ ಸಾರ್ ಅದು" ಅಂತಾರೆ. ಹಾಗನ್ನುವವರು ಕೂತಿರುವುದೆಲ್ಲಿ? ಕಲ್ಲುಚಪ್ಪಡಿ ಮನೆಯ ಜಗಲಿ ಮೇಲೆ! ಬಂಡೆಯಲ್ಲಿ ಸೀಳಿದ ಚಪ್ಪಡಿ ಗಾಡಿಯಲ್ಲಿ ಬಂದು ಗೋಡೆ ಮೇಲೆ ಕೂತಿತಲ್ಲ, ಅದೂ ಇದೇ ಜಾತಿಯದು.

ಇವತ್ತು ನನ್ನದು ಒಂದೇ ಮಾತು. ಸಂದು. ತುಂಡಿಗೆ ತುಂಡು ಕೂಡುವ ಜಾಗ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಚಿಂತಾಮಣಿ ಹತ್ತಿರ ನಮ್ಮ ತಾತ ಮನೆ ಕಟ್ಟಿಸಿದರು. ಚಪ್ಪಡಿ ಏರಿಸುವ ದಿನ ಊರೇ ಸೇರಿತ್ತು. ಇಳಿಜಾರಿಗೆ ಮರದ ದಿಮ್ಮಿ, ಹಗ್ಗ, ಹಾರೆ, "ಐಸಾ" ಅನ್ನೋ ಕೂಗು. ಮೇಸ್ತ್ರಿ ಮಾತ್ರ ಚಪ್ಪಡಿಯ ನಡುವನ್ನು ನೋಡಲೇ ಇಲ್ಲ. ಪ್ರತಿ ಕಲ್ಲು ಕೂತಾಗಲೂ ಗೋಡೆ ತಲೆ ಮೇಲೆ ಕೈಯಿಟ್ಟು, ತುದಿ ಎಷ್ಟು ಕೂತಿದೆ ಅಂತ ಗೇಣಲ್ಲಿ ಅಳೆಯೋರು. ಒಂದು ಕಲ್ಲು ನಾಲ್ಕೇ ಬೆರಳು ಕೂತಿತು. "ಇಳಿಸ್ರೋ" ಅಂದರು. ತಾತ ಕೆಂಡವಾದರು, ದುಡ್ಡು ಕೊಟ್ಟು ತಂದದ್ದು ತಾನೆ! ಮೇಸ್ತ್ರಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, "ಬಚ್ಚಲಿಗೆ ಹಾಕ್ಕೊಳ್ಳಿ ಯಜಮಾನ್ರೇ, ನಿಮ್ಮ ಮೊಮ್ಮಗನ ತಲೆ ಮೇಲೆ ನಾನಿಡಲ್ಲ" ಅಂದರು. ಆ ಮೊಮ್ಮಗ ನಾನೇ. ಆ ಕಲ್ಲಿನ ಮೇಲೆ ನಮ್ಮಮ್ಮ ಎಷ್ಟೋ ವರ್ಷ ಬಟ್ಟೆ ಒಗೆದರು.

ಈಗ ಲಂಡನ್ನಿಗೆ ಬನ್ನಿ. 1968ರ ಮೇ 16, ಬೆಳಗಿನ ಜಾವ. ರೋನನ್ ಪಾಯಿಂಟ್ ಅನ್ನುವ 22 ಅಂತಸ್ತಿನ ಹೊಚ್ಚ ಹೊಸ ಪ್ರೀಕಾಸ್ಟ್ ಕಟ್ಟಡ. 18ನೇ ಅಂತಸ್ತಿನಲ್ಲಿ ಒಬ್ಬಾಕೆ ಟೀಗೆ ಒಲೆ ಹಚ್ಚಿದರು, ಸೋರಿದ್ದ ಗ್ಯಾಸ್ ಸಿಡಿಯಿತು. ಒಂದು ಗೋಡೆ ಹಲಗೆ ಆಚೆಗೆ ಹಾರಿತು. ಅದನ್ನು ನೆಚ್ಚಿದ್ದ ಮೇಲಿನವು ಕುಸಿದವು, ಆ ಭಾರಕ್ಕೆ ಕೆಳಗಿನವೂ ಹೋದವು. ಕಟ್ಟಡದ ಒಂದು ಮೂಲೆಯೇ ಇಲ್ಲ! ನಾಲ್ವರು ಸತ್ತರು, ಒಲೆ ಹಚ್ಚಿದಾಕೆ ಬದುಕಿದರು. ಕಾಂಕ್ರೀಟ್ ಹಲಗೆ ಗಟ್ಟಿಯಾಗೇ ಇತ್ತು ಸ್ವಾಮಿ, ಸೋತದ್ದು ಸಂದು. 1970ರಲ್ಲಿ ಅಲ್ಲಿನ ನಿಯಮ ತಿದ್ದಿದರು: ಒಂದು ತುಂಡು ಹೋದರೆ ಇಡೀ ಕಟ್ಟಡ ಹೋಗಕೂಡದು.

ನಮ್ಮಲ್ಲೂ ಪುಸ್ತಕವಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 6ನೇ ಭಾಗದಲ್ಲಿ ಇದಕ್ಕೇ ಒಂದು ವಿಭಾಗ ಮೀಸಲು. ಆದರೆ ಅದು ಬರೀ ಶಿಫಾರಸು. ಊರಿನ ಬೈಲಾ ಒಪ್ಪಿಕೊಂಡರಷ್ಟೇ ಕಾನೂನು. ಬೈಲಾದ ತಲೆಯಲ್ಲೋ ಇನ್ನೂ ಇಟ್ಟಿಗೆ ಗೋಡೆಯೇ. ತಪಾಸಣೆಯವರು ಪಾಯ ಆದ ಮೇಲೆ ಬಂದು ನೋಡ್ತೀವಿ ಅಂದರೆ, ಅಷ್ಟರಲ್ಲಿ ಗೋಡೆಗಳು ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಯಾವುದೋ ಶೆಡ್ಡಿನಲ್ಲಿ ವೈರು, ಪೈಪು ಸಮೇತ ಮುಚ್ಚಿ ಆಗಿರುತ್ತೆ. ತಪಾಸಣೆ ಆ ಶೆಡ್ಡಿಗೆ ಹೋಗಲಿ. ಇನ್ನೊಮ್ಮೆ, ಸಂದಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬುವ ದಿನ, ಸೈಟಿಗೆ ಬರಲಿ. ತುಂಬಿದ ಮೇಲೆ ಬಂದು ಏನು ಕಾಣುತ್ತೆ?

ಬೆಂಕಿ, ಭೂಕಂಪದ ವಿಚಾರ ಹೇಳಲು ಹೊತ್ತಿಲ್ಲ, ಚಪ್ಪಡಿ ಕಥೆಯೇ ತಿಂದುಬಿಟ್ಟಿತು. ನಮಸ್ಕಾರ.