ಟ್ವೀಟರ್ ವೈರ್ ಕಿತ್ತ ಮೇಲೆ

ಬೆಳಿಗ್ಗೆ ಏಳು ಗಂಟೆ. ಫ್ಯಾನ್ ಆಫ್, ಕಿಟಕಿ ಬಂದ್. ಬಳ್ಳಾರಿಯ ಏಪ್ರಿಲ್‌ನಲ್ಲಿ ಹೀಗೆ ಕೂತಿರುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವಾದರೆ ರೆಕಾರ್ಡಿಂಗ್ ಇರಬೇಕು. ನನಗೆ ಎರಡೂ ಇದೆ. ಇವತ್ತಿನ ವಿಡಿಯೋ ಗಿಟಾರ್ ಪೆಡಲ್‌ಗಳು ಬೇರೆ ಬೇರೆ ಸ್ಪೀಕರ್‌ನಲ್ಲಿ ಹೇಗೆ ಕೇಳುತ್ತವೆ ಅಂತ. ಒಂಬತ್ತಕ್ಕೆ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಮಷೀನ್‌ಗಳು ಶುರುವಾಗುತ್ತವೆ. ಅಷ್ಟರೊಳಗೆ ಮುಗಿಸಬೇಕು.

ಚಾಪೆ ಮೇಲೆ ನೋಡಿ. ಮೂರು ಪೆಡಲ್, ಅಂದರೆ ಗಿಟಾರ್ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿಗಳು. ಕಿತ್ತಳೆ ಬಣ್ಣದ್ದು ಬಾಸ್ ಡಿಎಸ್-1. 1978ರಿಂದ ಇರುವ ಪೆಡಲ್, ಗಿಟಾರ್ ಕಲಿತ ಅರ್ಧ ಜನರ ಮೊದಲ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಪೆಡಲ್) ಇದೇ ಇರಬೇಕು. ಹಸಿರು ಬಣ್ಣದ್ದು ಐಬನೀಜ್ ಟ್ಯೂಬ್ ಸ್ಕ್ರೀಮರ್, ಟಿಎಸ್9. ಕರಿ ಡಬ್ಬಿ ರ‍್ಯಾಟ್. ಮೂರನ್ನೂ ಆಸೆಯಿಂದ ತಗೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟಿನಿಂದ ತಗೊಂಡೆ.

ಹೋದ ವರ್ಷ ನಮ್ಮ ಗಲ್ಲಿಯ ಗಣೇಶನ ಪೆಂಡಾಲ್‌ನಲ್ಲಿ ನುಡಿಸುವ ಚಾನ್ಸ್ ಸಿಕ್ಕಿತ್ತು. ಡಿಎಸ್-1ನಿಂದ ಕೇಬಲ್ ಎಳೆದು ಸೀದಾ ಮೈಕ್ ಸೆಟ್‌ನವರ ಮಿಕ್ಸರ್‌ಗೆ ಚುಚ್ಚಿದೆ. ಮೊದಲ ಸಲ ತಂತಿ ಮೀಟಿದಾಗಲೇ ಮುಂದೆ ಕೂತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ಡಬ್ಬಿಯೊಳಗೆ ಜೇನುಹುಳ ತುಂಬಿ ಅಲ್ಲಾಡಿಸಿದ ಹಾಗಿತ್ತು. ಪೆಡಲ್ ಸರಿ ಇಲ್ಲ ಅಂದುಕೊಂಡೆ. ಟ್ಯೂಬ್ ಸ್ಕ್ರೀಮರ್ ಬಂತು. ಜೇನುಹುಳ ಸ್ವಲ್ಪ ಕಡಿಮೆಯಾದವು, ಅಷ್ಟೇ. ಆಮೇಲೆ ರ‍್ಯಾಟ್ ಬಂತು. ಜೇನುಹುಳ ವಾಪಸ್ ಬಂದವು, ನೆಂಟರನ್ನೂ ಕರಕೊಂಡು.

ಮಧ್ಯದಲ್ಲಿ ಒಂದು ಅಂಗಡಿಯವರು ಕೊಟ್ಟ ಅಡಾಪ್ಟರ್‌ನಿಂದ ಪೆಡಲ್ ಆನ್ ಆಗಲೇ ಇಲ್ಲ. 9 ವೋಲ್ಟ್ ಸರಿಯಾಗಿಯೇ ಇತ್ತು. ಆದರೆ ಇಂಥ ಪೆಡಲ್‌ಗಳಿಗೆ ಪಿನ್ನಿನ ನಡುವೆ ಮೈನಸ್ ಬರಬೇಕು, ಅದರಲ್ಲಿ ಪ್ಲಸ್ ಇತ್ತು. ಅಡಾಪ್ಟರ್ ಮೇಲೆ ಸಣ್ಣದಾಗಿ ಚಿತ್ರ ಇರುತ್ತೆ, ನೋಡಿಕೊಂಡು ತಗೊಳ್ಳಿ.

ಜೇನುಹುಳದ ಗುಟ್ಟು ಗೊತ್ತಾಗಿದ್ದು ಯಾವ ಗಿಟಾರ್ ಪಂಡಿತರಿಂದಲೂ ಅಲ್ಲ. ಅದೇ ಮೈಕ್ ಸೆಟ್ ಅಣ್ಣನಿಂದ. ಅವರ ಗೋಡೌನ್‌ನಲ್ಲಿ ಒಂದು ಮಧ್ಯಾಹ್ನ ಮೂರೂ ಪೆಡಲ್ ಇಟ್ಟುಕೊಂಡು ಕೂತಿದ್ದೆ. ಮುಂದೆ ಹದಿನೈದು ಇಂಚಿನ ಸ್ಪೀಕರ್ ಬಾಕ್ಸ್. ಅಣ್ಣ ಸ್ವಲ್ಪ ಹೊತ್ತು ಕೇಳಿದರು. "ತಮ್ಮಾ, ನೀನು ನುಡಿಸ್ತಿದೀಯೋ, ಜೇನು ಎಬ್ಬಿಸ್ತಿದೀಯೋ?" ಅಂದರು. ಎದ್ದು ಹೋಗಿ ಸ್ಕ್ರೂಡ್ರೈವರ್ ತಂದರು. ಬಾಕ್ಸ್‌ನ ಹಿಂಬದಿ ಬಿಚ್ಚಿ, ಒಳಗೆ ಕೈ ಹಾಕಿ, ಮೇಲಿನ ಟ್ವೀಟರ್‌ಗೆ, ಅಂದರೆ ಚೂಪು ಸದ್ದು ಹೊರಡಿಸುವ ಸಣ್ಣ ಸ್ಪೀಕರ್‌ಗೆ, ಹೋಗುವ ಕೆಂಪು ವೈರ್ ಕಿತ್ತರು. "ಈಗ ಹೊಡಿ."

ಹೊಡೆದೆ. ಅದೇ ಪೆಡಲ್. ನಾಬ್ ಒಂದೂ ಮುಟ್ಟಿಲ್ಲ. ಗಿಟಾರ್ ಬಂತು! ಸ್ವಲ್ಪ ಮಂಕಾಗಿತ್ತು, ಆದರೆ ಗಿಟಾರ್ ಅದು. ಅಣ್ಣ ಇಷ್ಟೇ ಹೇಳಿದ್ದು: "ಆ ಚಿಳ್ ಚಿಳ್ ನಿನಗೆ ಬೇಡ ಬಿಡು."

ಆಗಿದ್ದು ಇಷ್ಟು. ಗಿಟಾರ್‌ನ ದಪ್ಪ ತಂತಿಯ ಇ ಸ್ವರ ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತೆಳು ತಂತಿಯಲ್ಲಿ 22ನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಹೋದರೂ 1,200ರ ಒಳಗೇ. ಅದರ ಮೇಲಿನದೆಲ್ಲ ಸ್ವರದ ಜೊತೆ ಬರುವ ಮರಿಗಳು. ಡಿಸ್ಟಾರ್ಷನ್ ಪೆಡಲ್ ಅಲೆಯ ನೆತ್ತಿ ಕತ್ತರಿಸುತ್ತೆ, ಕತ್ತರಿಸಿದಷ್ಟೂ ಹೊಸ ಮರಿಗಳು ಹುಟ್ಟುತ್ತವೆ, ತುಂಬಾ ಮೇಲಿನವರೆಗೂ. ಗಿಟಾರ್‌ಗೆಂದೇ ಮಾಡಿದ ಸ್ಪೀಕರ್‌ನಲ್ಲಿ ಟ್ವೀಟರ್ ಇರಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದು ಹೆಚ್ಚುಕಡಿಮೆ ಸುಮ್ಮನಾಗುತ್ತೆ. ಆ ಸುಮ್ಮನಾಗುವುದೇ ಟೋನ್‌ನ ಅರ್ಧ ಭಾಗ. ಮೈಕ್ ಸೆಟ್ ಬಾಕ್ಸ್ ಮಾಡಿರುವುದು ಮಾತಿಗೆ, ಹಾಡಿಗೆ, ತಾಳದ ಸದ್ದಿಗೆ. ಅದು ಏನನ್ನೂ ಮುಚ್ಚಿಡಲ್ಲ, ಎಲ್ಲ ಮರಿಗಳನ್ನೂ ತಂದು ಕಿವಿಗೆ ಬಿಡುತ್ತೆ.

ಸರಿ, ಇವತ್ತಿನ ಪರೀಕ್ಷೆ. ನನ್ನ ಬಳಿ ಒಂದು ಸಣ್ಣ 20 ವ್ಯಾಟ್ ಆಂಪ್ (ಆಂಪ್ಲಿಫೈಯರ್) ಇದೆ. ಬಡಗಿಯವರ ಹತ್ತಿರ ಪ್ಲೈವುಡ್ ಬಾಕ್ಸ್ ಮಾಡಿಸಿ ಹನ್ನೆರಡು ಇಂಚಿನ ಸೆಲೆಷನ್ ಕಂಪನಿಯ ವಿಂಟೇಜ್ 30 ಗಿಟಾರ್ ಸ್ಪೀಕರ್ ಕೂರಿಸಿದ್ದೇನೆ. ಚರ್ಚ್‌ನಲ್ಲಿ ನುಡಿಸುವ ಗೆಳೆಯ ತನ್ನ ಗ್ರೀನ್‌ಬ್ಯಾಕ್ (ಅದೇ ಕಂಪನಿಯ ಇನ್ನೊಂದು ಗಿಟಾರ್ ಸ್ಪೀಕರ್) ಬಾಕ್ಸನ್ನು ಒಂದು ವಾರಕ್ಕೆ ಕೊಟ್ಟಿದ್ದಾನೆ. ವಾರ ಮುಗಿದು ಹತ್ತು ದಿನ ಆಯ್ತು, ಅವನು ಈ ವಿಡಿಯೋ ನೋಡದಿದ್ದರೆ ಸಾಕು.

ಎಲ್ಲಕ್ಕಿಂತ ಮುಂದೆ, ಗಿಟಾರ್ ಆದ ತಕ್ಷಣ, ಒಂದು ಲೂಪರ್ ಇಟ್ಟಿದ್ದೇನೆ. ನಾನು ಒಂದೇ ಸಲ ನುಡಿಸುತ್ತೇನೆ, ಅದೇ ಸುತ್ತುತ್ತಾ ಇರುತ್ತೆ. ಇಲ್ಲದಿದ್ದರೆ ಇಷ್ಟವಾದ ಪೆಡಲ್ ಬಂದಾಗ ಬೆರಳು ತಾನೇ ಚೆನ್ನಾಗಿ ನುಡಿಸಿಬಿಡುತ್ತೆ. ಸೌಂಡ್ ಕೂಡ ಸಮ ಮಾಡಿಕೊಂಡಿದ್ದೇನೆ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ವಿಂಟೇಜ್ 30ರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರು ಅನ್ನುವುದು, 100 ಡೆಸಿಬೆಲ್, ಗ್ರೀನ್‌ಬ್ಯಾಕ್‌ದು 98. ಸಮ ಮಾಡದೆ ಕೇಳಿದ್ದರೆ ಮೊದಲನೆಯದೇ ಗೆಲ್ಲುತ್ತಿತ್ತು.

ಡಿಎಸ್-1, ವಿಂಟೇಜ್ 30ರಲ್ಲಿ. ಕೇಳಿಸಿಕೊಳ್ಳಿ... ಚೂಪು. ಈ ಸ್ಪೀಕರ್ 2,000 ಹರ್ಟ್ಸ್ ಆಚೆ ಸ್ವಲ್ಪ ಎದ್ದು ನಿಲ್ಲುತ್ತೆ, ಪೆಡಲ್ ಕೂಡ ಅಲ್ಲೇ ಜಗಳಕ್ಕೆ ನಿಂತಿದೆ. ಈಗ ಗ್ರೀನ್‌ಬ್ಯಾಕ್... ಮೆತ್ತಗಾಯ್ತು, ಅಲ್ವಾ? ಬಿಸಿ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ. ಆದರೆ ಗ್ರೀನ್‌ಬ್ಯಾಕ್ ತಡೆಯುವುದು 25 ವ್ಯಾಟ್ ಮಾತ್ರ. ದೊಡ್ಡ ಆಂಪ್‌ಗೆ ಒಂದನ್ನೇ ಸಿಕ್ಕಿಸಿದರೆ ಕಾಯಿಲ್ ಸುಟ್ಟು, ಗೆಳೆತನವೂ ಸುಡುತ್ತೆ.

ಟ್ಯೂಬ್ ಸ್ಕ್ರೀಮರ್ ಈ ಕೋಣೆಯಲ್ಲಿ ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಹಾಡಿದಂತಿದೆ. ಸುಮಾರು 720 ಹರ್ಟ್ಸ್ ಹತ್ತಿರ ಉಬ್ಬಿಸಿ, ಕೆಳಗಿನ ದಪ್ಪವನ್ನು ಸಣ್ಣ ಮಾಡುತ್ತೆ. ಆರು ತಿಂಗಳು ಇದನ್ನು ಬೈದುಕೊಂಡೇ ಇದ್ದೆ. ಆದರೆ ದುರುಗಮ್ಮನ ಸಿಡಿಬಂಡಿ ಜಾತ್ರೆ ದಿನ ಗುಡಿ ಹತ್ತಿರ ಕಂಬಕ್ಕೆ ಕಟ್ಟಿದ ಹಳೇ ಹಾರ್ನ್ ಸ್ಪೀಕರ್ ನೆನಪಿಸಿಕೊಳ್ಳಿ. ಅದರಲ್ಲಿ ಬೇಸ್ ಇಲ್ಲ, ಚಂದವೂ ಇಲ್ಲ. ಆದರೂ ಡೊಳ್ಳು, ಜನ, ಗಾಡಿ ಎಲ್ಲದರ ನಡುವೆ ಕಳೆದುಹೋದ ಮಗುವಿನ ಹೆಸರು ಎರಡು ಬೀದಿ ಆಚೆಗೂ ಕೇಳುತ್ತೆ. ಟ್ಯೂಬ್ ಸ್ಕ್ರೀಮರ್ ಕೆಲಸವೂ ಅದೇ. ಡ್ರಮ್ ಹಿಂದೆ ಬಂದ ಮೇಲೆ ಆ ಮೂಗಿನ ದನಿಯೇ ಗಿಟಾರನ್ನು ಮುಂದಕ್ಕೆ ತಳ್ಳುತ್ತೆ. ಇಲ್ಲಿ ಡ್ರಮ್ ಟ್ರ್ಯಾಕ್ ಸೇರಿಸಿದ್ದೇನೆ, ನೀವೇ ಕೇಳಿ.

ರ‍್ಯಾಟ್ ಬಗ್ಗೆ ಒಂದೇ ಮಾತು: ಅದರ ಫಿಲ್ಟರ್ ನಾಬ್ ಉಲ್ಟಾ. ಬಲಕ್ಕೆ ತಿರುಗಿಸಿದಷ್ಟೂ ಚೂಪು ಕಡಿಮೆ. ಎರಡು ವಾರ ನಾನು ಎಡಕ್ಕೆ ತಿರುಗಿಸಿಕೊಂಡು ಅಳುತ್ತಿದ್ದೆ.

ಈ ಶಾಟ್ ನೋಡಿ. ಮೈಕ್ ಸ್ಪೀಕರ್‌ನ ನಟ್ಟನಡುವಿನ ಮುಚ್ಚಳದ ಎದುರಿಗಿದೆ. ಈಗ ಎರಡು ಬೆರಳಷ್ಟು ಪಕ್ಕಕ್ಕೆ, ಕೋನ್ ಕಡೆಗೆ ಸರಿಸುತ್ತೇನೆ. ಕೇಳಿಸ್ತಾ? ಪೆಡಲ್ ಬದಲಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ, ಖರ್ಚು ಸೊನ್ನೆ. ಕಿವಿಗೂ ಅದೇ ಕಥೆ. ಬಾಕ್ಸ್ ನೆಲದಲ್ಲಿತ್ತು, ನಾನು ನಿಂತು ನುಡಿಸುತ್ತಿದ್ದೆ. ಚೂಪು ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತೆ, ಅದೆಲ್ಲ ನನ್ನ ಮೊಣಕಾಲಿಗೆ ಬೀಳುತ್ತಿತ್ತು. ನನಗೆ ಮಂಕು ಅನಿಸಿ ಟ್ರೆಬಲ್ ಏರಿಸುತ್ತಿದ್ದೆ, ಎದುರು ಕೂತವರು ಅನುಭವಿಸುತ್ತಿದ್ದರು. ಈಗ ಬಾಕ್ಸ್ ಕೆಳಗೆ ಮುಂದುಗಡೆ ಎರಡು ಇಟ್ಟಿಗೆ, ಮೂತಿ ಮೇಲಕ್ಕೆ.

ಗುಂಯ್ ಅಂತ ಬರುತ್ತಿದೆಯಲ್ಲ, ಅದು ಪೆಡಲ್ ಅಲ್ಲ. ಒಂಬತ್ತಾಯಿತು. ಪಕ್ಕದ ಮನೆಯ ಮೋಟಾರ್‌ಗಳನ್ನು ನನ್ನ ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಹಿಡಿಯುತ್ತಿದೆ. ಕುರ್ಚಿ ಕಿಟಕಿ ಕಡೆ ತಿರುಗಿಸಿದರೆ ಸ್ವಲ್ಪ ತಗ್ಗುತ್ತೆ... ಹಾಂ, ತಗ್ಗಿತು.

ಈ ವರ್ಷದ ಗಣೇಶನಿಗೆ ಟ್ಯೂಬ್ ಸ್ಕ್ರೀಮರ್, ಡ್ರೈವ್ ನಾಬ್ (ಒರಟು ಎಷ್ಟು ಅನ್ನುವುದು) ಅರ್ಧಕ್ಕಿಂತ ಕಡಿಮೆ, ವಿಂಟೇಜ್ 30, ಅದರ ಮುಂದೆ ಅಣ್ಣನ ಮೈಕ್. ಮಿಕ್ಸರ್‌ಗೆ ಸೀದಾ ಚುಚ್ಚಲ್ಲ. ಅಣ್ಣ ಆ ಕೆಂಪು ವೈರನ್ನು ಇನ್ನೂ ವಾಪಸ್ ಹಾಕಿಲ್ಲವಂತೆ. ಮೊನ್ನೆ ಯಾರದೋ ಮದುವೆಯಲ್ಲಿ ಪುರೋಹಿತರು ಮಂತ್ರ ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ ಅಂತ ಫೋನ್ ಮಾಡಿ ನನ್ನನ್ನೇ ಬೈದರು.